ಗುಂಡನಿಗೆ, ಬಾಳೆಗೊನೆಯ ವಿಷಯವಾಗಿ

ಲೋ ಗುಂಡ,

ಇದನ್ನು ನಿನ್ನೊಬ್ಬನಿಗೇ ಕಳಿಸಬಹುದಿತ್ತು. ಎಲ್ಲರ ಕಣ್ಣಿಗೆ ಬೀಳುವ ಕಡೆ ಹಾಕುತ್ತಿರುವುದು ಯಾಕೆ ಅಂತ ನಿನಗೆ ಗೊತ್ತು. ನೀನೊಬ್ಬನೇ ಓದಿದರೆ 'ಹೂಂ' ಅಂತ ಒಂದಕ್ಷರ ಬರೆದು ಕೈ ತೊಳೆದುಕೊಳ್ಳುತ್ತೀಯ. ನಾಲ್ಕು ಜನ ನೋಡುತ್ತಿದ್ದರೆ ಮರ್ಯಾದೆಗಾದರೂ ಎರಡಕ್ಷರ ಬರುತ್ತದೆ. ಮಿಕ್ಕವರು ಕ್ಷಮಿಸಬೇಕು. ನಡುವೆ ಟಾರ್ಚು, ಎಂಟಾಣೆ, ಚಿಕ್ಕಪ್ಪ ಅಂತೆಲ್ಲ ಬಂದರೆ ಅರ್ಥ ಹುಡುಕಲು ಹೋಗಬೇಡಿ. ಅರ್ಥ ಇದ್ದಿದ್ದರೆ ನಮಗಿಬ್ಬರಿಗೂ ಇಷ್ಟು ಹೊತ್ತಿಗೆ ತಿಳಿದಿರುತ್ತಿತ್ತು.

ಅಮೆರಿಕದ ಬಂದರು ಊರು ನ್ಯೂ ಆರ್ಲಿಯನ್ಸಿನ ಬಗ್ಗೆ ನೀನು ಕೇಳಿದ್ದು ಇಷ್ಟು: "ನ್ಯೂ ಆರ್ಲಿಯನ್ಸಿನ ಇಟಲಿ ಗ್ಯಾಂಗುಗಳು ಅಂತ ಯಾವಾಗಲೂ ಶುರು ಮಾಡ್ತೀಯಲ್ಲ, ಅವು ಹೊಡೆದಾಡಿದ್ದು ಯಾತಕ್ಕೆ? ಹೆಂಡಕ್ಕೋ ಜೂಜಿಗೋ?"

ಬಾಳೆಹಣ್ಣಿಗೆ ಕಣೋ. ನಗು, ಪರವಾಗಿಲ್ಲ, ನಗಲಿ ಅಂತಲೇ ಹೀಗೆ ಹೇಳಿದ್ದು. ಸರಿಯಾಗಿ ಹೇಳಬೇಕೆಂದರೆ ಬಾಳೆಹಣ್ಣಿಗೂ ಅಲ್ಲ, ಅದನ್ನು ಹಡಗಿನಿಂದ ಇಳಿಸುವ ಹಮಾಲಿ ಗುತ್ತಿಗೆಗೆ.

ಗೊನೆಯ ಲೆಕ್ಕ ಗೊತ್ತಿಲ್ಲದಿದ್ದರೆ ಗುಂಡೇಟಿನ ಲೆಕ್ಕ ಹತ್ತುವುದಿಲ್ಲ, ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ. 1880ರ ದಶಕದಲ್ಲಿ ಬಾಳೆ ಪೆಟ್ಟಿಗೆಯಲ್ಲಿ ಬರುತ್ತಿರಲಿಲ್ಲ. ಹೊಂಡುರಾಸ್, ನಿಕರಾಗುವಾ ಕರಾವಳಿಗಳಿಂದ ಇಡೀ ಗೊನೆಗಳನ್ನೇ ಹಡಗಿನ ಹೊಟ್ಟೆಯಲ್ಲಿ ಒತ್ತೊತ್ತಾಗಿ ನಿಲ್ಲಿಸಿ ತರುತ್ತಿದ್ದರು. ಜಾತಿ ಗ್ರೋ ಮಿಷೆಲ್, ಸಿಪ್ಪೆ ದಪ್ಪ, ಚಿಪ್ಪುಗಳು ಒಂದಕ್ಕೊಂದು ಅಂಟಿಕೊಂಡ ಬಿಗಿ ಗೊನೆ. ಆ ಬಿಗಿ ಇದ್ದದ್ದಕ್ಕೇ ಪೆಟ್ಟಿಗೆಯಿಲ್ಲದೆ ಸಮುದ್ರ ದಾಟುತ್ತಿತ್ತು. ಒಂಬತ್ತು ಚಿಪ್ಪು ಅಥವಾ ಮೇಲ್ಪಟ್ಟರೆ ಪೂರ್ತಿ ಗೊನೆ. ಎಂಟಕ್ಕೆ, ಏಳಕ್ಕೆ ದರ ಇಳಿಯುತ್ತಾ ಹೋಗುತ್ತದೆ. ತೂಕ ಏನಿಲ್ಲವೆಂದರೂ 25 ಕೆಜಿ, ದೊಡ್ಡದಾದರೆ 35.

ಮುಕ್ಕಾಲು ಬಲಿತಾಗ, ಇನ್ನೂ ಹಸಿರಿರುವಾಗಲೇ ಕೊಯ್ದು ತುಂಬಬೇಕು. ತುಂಬಿದ ಗಳಿಗೆಯಿಂದ ಗಡಿಯಾರ ಓಡಲು ಶುರು. ಹಣ್ಣಿನ ಮಂಡಿಯಲ್ಲಿ ಕೋಣೆ ಮುಚ್ಚಿ ಹೊಗೆ ಹಾಕಿದರೆ ರಾತ್ರಿ ಬೆಳಗಾಗುವುದರಲ್ಲಿ ಕಾಯಿ ಬಣ್ಣ ತಿರುಗುವುದನ್ನು ನೀನು ನೋಡಿದ್ದೀಯ. ಹಡಗಿನ ಹೊಟ್ಟೆ ಅಂಥದ್ದೇ ಮುಚ್ಚಿದ ಕೋಣೆ. ಅಲ್ಲಿ ಯಾರೂ ಹೊಗೆ ಹಾಕಬೇಕಿಲ್ಲ, ಒಂದು ಗೊನೆ ಹಣ್ಣಾಗಲು ಹೊರಟರೆ ಅದು ಬಿಡುವ ಎಥಿಲೀನ್ ಅನಿಲಕ್ಕೆ ಪಕ್ಕದ್ದೂ ಹೊರಡುತ್ತದೆ, ಅದರ ಪಕ್ಕದ್ದೂ. ಹಣ್ಣಾಗುತ್ತಾ ಬಿಸಿಯೂ ಹುಟ್ಟುತ್ತದೆ, ಆ ಬಿಸಿಗೆ ಇನ್ನಷ್ಟು ಬೇಗ ಹಣ್ಣಾಗುತ್ತದೆ. ನದಿಯ ಮೇಲೆ ಮಂಜು ಕವಿದು ಹಡಗು ಒಂದು ದಿನ ನಿಂತಿತೋ, ವ್ಯಾಪಾರಿಗೆ ಎದೆ ಢವಗುಟ್ಟುತ್ತದೆ. ಚಳಿಗಾಲದಲ್ಲಿ ಇದರ ಉಲ್ಟಾ ಕಾಟ. ಶಾಖ 12, 13 ಡಿಗ್ರಿಗಿಂತ ಕೆಳಗಿಳಿದರೆ ಸಿಪ್ಪೆ ಮಂಕಾಗಿ ಬೂದಿ ಬಣ್ಣಕ್ಕೆ ತಿರುಗಿ, ಆಮೇಲೆ ಏನು ಮಾಡಿದರೂ ಸರಿಯಾಗಿ ಹಣ್ಣಾಗುವುದಿಲ್ಲ.

ನ್ಯೂ ಆರ್ಲಿಯನ್ಸ್ ಸಮುದ್ರದ ದಂಡೆಯಲ್ಲಿಲ್ಲ, ಮಿಸಿಸಿಪಿ ನದಿಯಲ್ಲಿ ಸುಮಾರು ನೂರು ಮೈಲಿ ಮೇಲಕ್ಕಿದೆ. 1879ರಲ್ಲಿ ಈಡ್ಸ್ ಎಂಬ ಎಂಜಿನಿಯರು ನದಿಯ ಬಾಯಲ್ಲಿ ತಡೆದಂಡೆ ಕಟ್ಟಿಸಿ ಹೂಳು ತಾನಾಗಿಯೇ ಕೊಚ್ಚಿಹೋಗುವ ಹಾಗೆ ಮಾಡಿದ ಮೇಲೆ ದೊಡ್ಡ ಹಡಗುಗಳು ಸಲೀಸಾಗಿ ಒಳಗೆ ಬಂದವು. ಹಡಗು ನದಿಗೆ ಹೊಕ್ಕಿತು ಅಂತ ತಂತಿ ಬಂದರೆ ಊರಿನ ಕಟ್ಟೆಗೆ ತಲುಪಲು ಇನ್ನು ಕೆಲವೇ ಗಂಟೆ. ಅದು ಮಧ್ಯಾಹ್ನವೋ ನಡುರಾತ್ರಿಯೋ, ಹಗ್ಗ ಕಟ್ಟುವ ಹೊತ್ತಿಗೆ ಆಳುಗಳು ಕಟ್ಟೆಯ ಮೇಲೆ ನಿಂತಿರಬೇಕು. ಒಂದು ತಂಡ ಒಳಗಿಳಿದು ಗೊನೆ ಎತ್ತಿ ಕೈಯಿಂದ ಕೈಗೆ ಮೇಲೆ ದಾಟಿಸುತ್ತದೆ. ಮೇಲಿನವರು ಭುಜಕ್ಕೇರಿಸಿಕೊಂಡು ಹಲಗೆಯ ಮೇಲೆ ಸಾಲಾಗಿ ಇಳಿಯುತ್ತಾರೆ. ಎಣಿಸುವವನೊಬ್ಬ ಚಿಪ್ಪಿನ ಲೆಕ್ಕ ಕೂಗುತ್ತಾನೆ. ಬಣ್ಣ ತಿರುಗಿದ್ದು ಒಂದು ಕಡೆಗೆ, ಅದು ಅವತ್ತೇ ಊರೊಳಗಿನ ತಳ್ಳುಗಾಡಿಯವರಿಗೆ. ಹಸಿರಿದ್ದದ್ದು ರೈಲು ವ್ಯಾಗನ್ನಿಗೆ. ಗೊನೆಯನ್ನು ಎಸೆಯುವಂತಿಲ್ಲ, ಅದರ ಮೇಲೆ ಕೂರುವಂತಿಲ್ಲ, ದಂಟು ಮುರಿಯುವಂತಿಲ್ಲ. ಅವತ್ತು ತಗುಲಿದ ಪೆಟ್ಟು ಅವತ್ತು ಕಾಣುವುದಿಲ್ಲ, ನಾಲ್ಕು ದಿನ ಬಿಟ್ಟು ಎಲ್ಲೋ ಉತ್ತರದ ಊರಿನಲ್ಲಿ ಕರಿ ಮಚ್ಚೆಯಾಗಿ ಕಾಣುತ್ತದೆ. ಅಷ್ಟರಲ್ಲಿ ಬೈಸಿಕೊಳ್ಳಬೇಕಾದವನು ಇನ್ನೊಂದು ಹಡಗಿನಲ್ಲಿರುತ್ತಾನೆ. (ಗೊನೆಯೊಳಗೆ ಅಂಗೈಯಗಲದ ಜೇಡ ಕೂತು ಬರುವುದೂ ಇತ್ತು. ಇದು ನಿನಗೋಸ್ಕರ.)

ಈಗ ಗುತ್ತಿಗೆದಾರನ ಜಾಗದಲ್ಲಿ ನಿಂತು ನೋಡು. ಹತ್ತಿ ಕಾಯುತ್ತದೆ, ಸಕ್ಕರೆ ಕಾಯುತ್ತದೆ. ಕೂಲಿಯ ಚೌಕಾಸಿ ಮೂರು ದಿನ ಎಳೆದರೂ ಹತ್ತಿಯ ಮೂಟೆ ಕರಗಿ ಹೋಗುವುದಿಲ್ಲ. ಬಾಳೆ ಕಾಯುವುದಿಲ್ಲ. ನಡುರಾತ್ರಿಯಲ್ಲಿ ಮೂವತ್ತು ನಲವತ್ತು ಆಳುಗಳನ್ನು ಎಬ್ಬಿಸಿ ತರಬಲ್ಲವನು ಯಾರೋ ಅವನ ಹಿಡಿತದಲ್ಲಿ ಇಡೀ ಹಡಗು. ಅವನು 'ಇವತ್ತು ಆಗೋದಿಲ್ಲ' ಅಂದರೆ ಆಮದುದಾರನ ದುಡ್ಡು ಕೊಳೆಯಲು ಶುರು. ಆಳುಗಳಿಗೂ ಅವನೇ ಗತಿ. ಇಟಲಿಯ ಸಿಸಿಲಿ ದ್ವೀಪದ ಪಲೆರ್ಮೋದಿಂದ ನಿಂಬೆಹಣ್ಣು ತರುತ್ತಿದ್ದ ಹಡಗುಗಳ ಹಾದಿಯಲ್ಲೇ ಆ ದ್ವೀಪದ ಬಡವರೂ ಬಂದಿಳಿಯುತ್ತಿದ್ದರು. ಇಂಗ್ಲಿಷ್ ಬಾರದು, ಊರು ಗೊತ್ತಿಲ್ಲ. ಕೆಲಸ ಕೊಡಿಸುವುದು, ಮಲಗಲು ಜಾಗ ತೋರಿಸುವುದು, ಮುಂಗಡ ಕೊಡುವುದು, ಆಮೇಲೆ ಕೂಲಿಯಲ್ಲಿ ಮುರಿದುಕೊಳ್ಳುವುದು ಎಲ್ಲಕ್ಕೂ ಒಬ್ಬನೇ. 'ಪದ್ರೋನೆ' ಅನ್ನುತ್ತಿದ್ದರು. ನಮ್ಮ ಮಾತಿನಲ್ಲಿ ಮೇಸ್ತ್ರಿ.

ಈ ಮೇಸ್ತ್ರಿಗಿರಿ ಮೊದಲು ಪ್ರೊವೆನ್ಸಾನೋ ಅಣ್ಣತಮ್ಮಂದಿರ ಕೈಯಲ್ಲಿತ್ತು. ಜೋಸೆಫ್, ಪೀಟರ್, ಜಾರ್ಜ್. 1880ರ ದಶಕದ ಕೊನೆಯ ಹೊತ್ತಿಗೆ ಹಣ್ಣಿನ ಆಮದುದಾರರು ಅದನ್ನು ಕಿತ್ತು ಮಟ್ರಾಂಗಾಗಳಿಗೆ, ಅಂದರೆ ಚಾರ್ಲ್ಸ್ ಮತ್ತು ಟೋನಿಗೆ, ಕೊಟ್ಟರು. ಜೋಸೆಫ್ ಮಕೆಕಾ ಎಂಬ ದೊಡ್ಡ ಹಣ್ಣಿನ ವ್ಯಾಪಾರಿ ಮಟ್ರಾಂಗಾಗಳ ಪಕ್ಷ. ಇವರ ಕೆಲಸ ಚೆನ್ನಾಗಿತ್ತು ಅಂತ ಒಂದು ಕಡೆಯ ವಾದ. ಹೆದರಿಸಿ ಕಿತ್ತುಕೊಂಡರು ಅಂತ ಇನ್ನೊಂದು ಕಡೆಯದು. ಎರಡೂ ನಿಜವಿರಬಹುದು. ಗುತ್ತಿಗೆ ಕೈ ಬದಲಾಗುವಾಗ ಬರಿಯ ಕಾಗದವೇ ಕೈ ಬದಲಾಯಿಸಿದ್ದು ಎಲ್ಲಿ ಹೇಳು.

1890ರ ಮೇ 6, ನಡುರಾತ್ರಿ ಕಳೆದಿತ್ತು. ಬಾಳೆ ಇಳಿಸಿ ಮುಗಿಸಿದ ಮಟ್ರಾಂಗಾ ಕಡೆಯವರು ಕುದುರೆ ಬಂಡಿಯಲ್ಲಿ ಮನೆಗೆ ಹೊರಟಿದ್ದರು. ಎಸ್‌ಪ್ಲನೇಡ್ ರಸ್ತೆ ಕ್ಲೇಬೋರ್ನ್ ರಸ್ತೆಯನ್ನು ದಾಟುವ ಕಡೆ ಕತ್ತಲಲ್ಲಿ ಕಾದಿದ್ದವರು ಬಂಡಿಯ ಮೇಲೆ ಗುಂಡು ಹಾರಿಸಿದರು. ಮೂವರಿಗೆ ಗಾಯ, ಯಾರೂ ಸಾಯಲಿಲ್ಲ. ಟೋನಿಯ ಕಾಲು ಕತ್ತರಿಸಬೇಕಾಯಿತು.

ಇಲ್ಲಿಂದ ಮುಂದೆ ಸ್ವಲ್ಪ ನಿಧಾನವಾಗಿ ಓದು. ನಾನೂ ಇಷ್ಟು ವರ್ಷ ಓಡಿಸಿಕೊಂಡೇ ಓದಿದ್ದೆ.

ಮಾಫಿಯಾ ಅಂದರೆ ಬಾಯಿ ಬಿಡದವರು ಅಂತ ತಾನೆ ನಾವು ಕೇಳಿಕೊಂಡು ಬಂದಿರುವುದು? ಮಾಫಿಯಾದ ಯಜಮಾನರು ಅಂತ ಆಮೇಲೆ ಹೆಸರಾದ ಇದೇ ಮಟ್ರಾಂಗಾ ಕಡೆಯವರು, ಮೊದಲು ಯಾರು ಅಂತ ಕಾಣಲಿಲ್ಲ ಅಂದವರು, ಪೊಲೀಸರ ಮುಂದೆ ಹೆಸರು ಹೇಳಿದರು, ಕಟಕಟೆಯಲ್ಲಿ ನಿಂತು ಪ್ರೊವೆನ್ಸಾನೋಗಳನ್ನು ಬೆರಳಿಟ್ಟು ತೋರಿಸಿದರು. ಇನ್ನೊಂದು ಕಡೆ, ಹೊಂಚು ಹಾಕಿದ ಆರೋಪ ಹೊತ್ತ ಪ್ರೊವೆನ್ಸಾನೋಗಳು ಆ ರಾತ್ರಿ ಬೇರೆ ಕಡೆ ಇದ್ದರು ಅಂತ ಸಾಕ್ಷಿ ಹೇಳಲು ಸಾಲಾಗಿ ಬಂದವರು ಊರಿನ ಪೊಲೀಸರು! ಜುಲೈನಲ್ಲಿ ಜ್ಯೂರಿ ಅವರನ್ನು ಅಪರಾಧಿಗಳು ಅಂದಿತು. ನ್ಯಾಯಾಧೀಶರು ಅದನ್ನು ಬದಿಗಿಟ್ಟು ಮರುವಿಚಾರಣೆಗೆ ಒಪ್ಪಿದರು. ಅದು ಅಕ್ಟೋಬರ್ 22ಕ್ಕೆ ನಿಗದಿಯಾಗಿತ್ತು.

ಪೊಲೀಸ್ ಮುಖ್ಯಸ್ಥ ಡೇವಿಡ್ ಹೆನೆಸಿ ಪ್ರೊವೆನ್ಸಾನೋಗಳಿಗೆ ಹತ್ತಿರದವನು. 1881ರಲ್ಲಿ, ಇನ್ನೂ ಕಿರಿಯ ಪತ್ತೇದಾರನಾಗಿದ್ದಾಗ, ಸಿಸಿಲಿಯ ಡಕಾಯಿತ ಜುಸೆಪ್ಪೆ ಎಸ್ಪೊಸಿಟೋವನ್ನು ಇದೇ ಊರಿನಲ್ಲಿ ಹಿಡಿದು ಇಟಲಿಗೆ ಸಾಗಿಸಿ ಹೆಸರು ಮಾಡಿದ್ದ. ಅದೇ ವರ್ಷ ಪತ್ತೇದಾರರ ಮುಖ್ಯಸ್ಥನೊಬ್ಬನನ್ನು ಗುಂಡಿಟ್ಟು ಕೊಂದು, ಆತ್ಮರಕ್ಷಣೆ ಅಂತ ಬಿಡುಗಡೆಯೂ ಆಗಿದ್ದ. ಅಂದರೆ ಶತ್ರುಗಳನ್ನು ಹುಡುಕಲು ಸಿಸಿಲಿಯವರೆಗೆ ಹೋಗಬೇಕಾದ ಗತಿ ಅವನಿಗೇನೂ ಇರಲಿಲ್ಲ. ಮರುವಿಚಾರಣೆಯಲ್ಲಿ ಅವನೇ ಸಾಕ್ಷಿ ಹೇಳುತ್ತಾನೆ, ಮಟ್ರಾಂಗಾಗಳ ಬಂಡವಾಳ ಬಯಲಾಗುತ್ತದೆ ಅಂತ ಊರೆಲ್ಲ ಮಾತು.

ಅಕ್ಟೋಬರ್ 15ರ ರಾತ್ರಿ, ಮಳೆ ಬಂದು ರಸ್ತೆಯೆಲ್ಲ ರಾಡಿ. ಹೆನೆಸಿ ತನ್ನ ಗೆಳೆಯ ವಿಲಿಯಂ ಓಕಾನರ್ ಜೊತೆ ಆಯ್ಸ್ಟರ್ ಅನ್ನುವ ಕಡಲ ಸಿಂಪಿ ತಿಂದು, ಅವನನ್ನು ಬೀಳ್ಕೊಟ್ಟು ಗಿರೋಡ್ ರಸ್ತೆಯ ಮನೆಗೆ ನಡೆದು ಹೋಗುತ್ತಿದ್ದಾಗ ಎದುರು ಬದಿಯಿಂದ ಬಂದೂಕುಗಳು ಸಿಡಿದವು. ಸದ್ದು ಕೇಳಿ ಓಡಿ ಬಂದ ಓಕಾನರ್ 'ಯಾರು?' ಅಂತ ಬಗ್ಗಿ ಕೇಳಿದ. ಇಟಲಿಯವರನ್ನು ಹೀಯಾಳಿಸುವ ಒಂದು ಪದ ಹೇಳಿ 'ಅವರೇ' ಅಂತ ಹೆನೆಸಿ ಪಿಸುಗುಟ್ಟಿದನಂತೆ.

'ಅಂತೆ' ಗುಂಡ, 'ಅಂತೆ'. ಚಿಕ್ಕಪ್ಪನ ಟಾರ್ಚು ನೆನಪಿದೆಯಲ್ಲ?

ಹೆನೆಸಿ ಅಲ್ಲೇ ಸಾಯಲಿಲ್ಲ. ಚಾರಿಟಿ ಆಸ್ಪತ್ರೆಯಲ್ಲಿ ಮರುದಿನ ಬೆಳಿಗ್ಗೆವರೆಗೆ ಜೀವ ಇತ್ತು, ಎಚ್ಚರ ಇತ್ತು, ಬಂದವರ ಜೊತೆ ಮಾತೂ ಆಡಿದ. ಒಬ್ಬನ ಹೆಸರನ್ನೂ ಹೇಳಲಿಲ್ಲ. ಆ ಪಿಸುಮಾತನ್ನು ಕೇಳಿದ್ದು ಓಕಾನರ್ ಒಬ್ಬನೇ. ಮುಂದೆ ವಿಚಾರಣೆ ನಡೆದಾಗ ಆ ಓಕಾನರನನ್ನು ಸಾಕ್ಷಿ ಹೇಳಲು ಕರೆಯಲೇ ಇಲ್ಲ. ಇಡೀ ಊರಿಗೆ ಬೆಂಕಿ ಹಚ್ಚಿದ ಒಂದು ಮಾತು, ಅದನ್ನು ಕೇಳಿದ ಒಂದೇ ಕಿವಿ, ಆ ಕಿವಿ ಕೋರ್ಟಿಗೆ ಬೇಡವಾಯಿತು.

ಮೇಯರ್ ಹೆಸರು ಜೋಸೆಫ್ ಶೇಕ್ಸ್‌ಪಿಯರ್. (ಇಲ್ಲ, ಸಂಬಂಧ ಇಲ್ಲ, ಆ ಜೋಕು ಈಗಾಗಲೇ ನಾನೇ ಮೂರು ಸಲ ಮಾಡಿದ್ದೇನೆ.) ಸಿಕ್ಕ ಸಿಕ್ಕ ಇಟಲಿಯವನನ್ನೆಲ್ಲ ಹಿಡಿಯಿರಿ ಅಂತ ಅವನ ಹುಕುಂ. ಇನ್ನೂರಕ್ಕೂ ಹೆಚ್ಚು ಜನ ಒಳಗೆ ಹೋದರು. ಐವತ್ತು ಪ್ರತಿಷ್ಠಿತರ ಸಮಿತಿಯೊಂದು ಹುಟ್ಟಿತು. ಎರಡು ದಿನಕ್ಕೆ ಪತ್ರಿಕೆ ಮಾರುವವನೊಬ್ಬ ಜೈಲಿಗೇ ಹೋಗಿ ಸ್ಕಾಫಿಡಿ ಎಂಬ ಬಂಧಿತನ ಕತ್ತಿಗೆ ಗುಂಡು ಹಾರಿಸಿದ. ಕೊನೆಗೆ 19 ಜನರ ಮೇಲೆ ಆರೋಪ, ಮೊದಲ ಕಂತಿನಲ್ಲಿ ಒಂಬತ್ತು ಜನರ ವಿಚಾರಣೆ. ಅವರಲ್ಲಿ ಮೊನಾಸ್ಟೀರಿಯೋ ಒಬ್ಬ ಚಮ್ಮಾರ, ಗುಂಡು ಬಂದ ಬದಿಯ ಗುಡಿಸಿಲಿನಲ್ಲಿ ಅವನ ವಾಸ. ಸ್ಕಾಫಿಡಿ ಹಣ್ಣು ಮಾರುವವನು. ಪೊಲಿಟ್ಸಿ ಬೀದಿ ವ್ಯಾಪಾರಿ, ವಿಚಾರಣೆಯ ನಡುವೆಯೇ ಅವನ ತಲೆ ಕೆಟ್ಟು ಕಿರುಚಾಡಿದ. ಮಕೆಕಾ ಇದ್ದ, ಚಾರ್ಲ್ಸ್ ಮಟ್ರಾಂಗಾ ಇದ್ದ, ಅಪ್ಪನ ಜೊತೆ ಸಿಕ್ಕಿಬಿದ್ದ ಮಾರ್ಕೇಸಿ ಎಂಬ 14 ವರ್ಷದ ಹುಡುಗನೂ ಇದ್ದ.

ಇದೇ ಹೊತ್ತಿಗೆ, 1891ರ ಜನವರಿಯಲ್ಲಿ, ಪ್ರೊವೆನ್ಸಾನೋಗಳ ಮರುವಿಚಾರಣೆ ಸದ್ದಿಲ್ಲದೆ ನಡೆದು ಅವರು ಬಿಡುಗಡೆಯಾದರು. ಬಂಡಿಯ ಮೇಲೆ ಗುಂಡು ಹಾರಿಸಿದ್ದು ಹಾಗಾದರೆ ಯಾರು? ಯಾರೂ ಅಲ್ಲ. ಟೋನಿಯ ಕಾಲು ತಾನಾಗಿಯೇ ಹೋಯಿತು.

ಈಗ ಒಂದು ಪದದ ವಿಷಯ. ಇದಕ್ಕೇ ಈ ಪತ್ರ ಬರೆಯಲು ಕೂತದ್ದು, ಬಾಳೆಗೊನೆ ನೆಪ. ನಮ್ಮಲ್ಲಿ ಗ್ಯಾಂಗ್ ಅಂದರೆ ರೌಡಿ ಗ್ಯಾಂಗೂ ಹೌದು, ರೈಲ್ವೆ ಹಳಿ ಸರಿಮಾಡುವ ಗ್ಯಾಂಗೂ ಹೌದು. ಗ್ಯಾಂಗ್‌ಮನ್ ಅಂದರೆ ಕೈಯಲ್ಲಿ ಸುತ್ತಿಗೆ, ಕೆಂಪು ಬಾವುಟ ಹಿಡಿದ ಸಾಧು ಮನುಷ್ಯ. ನ್ಯೂ ಆರ್ಲಿಯನ್ಸಿನ ಹಡಗುಕಟ್ಟೆಯಲ್ಲೂ ಆ ಪದಕ್ಕೆ ಎರಡೂ ಅರ್ಥ. ಹಡಗಿಗೊಂದು ಗ್ಯಾಂಗು, ಅದಕ್ಕೊಬ್ಬ ಮುಂದಾಳು. ಹೋದ ತಿಂಗಳು ಈ ಪ್ರಕರಣದ ಟಿಪ್ಪಣಿಗಳನ್ನು ಎರಡು ಕಾಲಮ್ಮಿನಲ್ಲಿ ಜೋಡಿಸಲು ಕೂತೆ. ಎಡಕ್ಕೆ ಕೂಲಿ ಗ್ಯಾಂಗು, ಬಲಕ್ಕೆ ಕೇಡಿ ಗ್ಯಾಂಗು. ಎಡಗಡೆ ಸಲೀಸಾಗಿ ತುಂಬಿತು: ಗುತ್ತಿಗೆ, ಆಮದುದಾರ, ಆಳು, ಬಂಡಿ, ರಾತ್ರಿ ಪಾಳಿ. ಬಲಗಡೆಗೆ ಬರೆಯಲು ಹೋದದ್ದೆಲ್ಲ ಯಾರ ಬಾಯಿಂದ ಬಂದದ್ದು ಅಂತ ನೋಡುತ್ತಾ ಹೋದರೆ ತಮಾಷೆ ಶುರುವಾಯಿತು. ಮಟ್ರಾಂಗಾಗಳು ಮಾಫಿಯಾ ಅಂತ ಪತ್ರಿಕೆಗಳ ಮುಂದೆ ಬಿಡಿಸಿ ಬಿಡಿಸಿ ಹೇಳಿದವನು ಜೋ ಪ್ರೊವೆನ್ಸಾನೋ. ಗುತ್ತಿಗೆ ಕಳೆದುಕೊಂಡವನು, ಕೊಲೆಯತ್ನದ ಮೊಕದ್ದಮೆ ತಲೆಯ ಮೇಲಿದ್ದವನು. ಎದುರಂಗಡಿಯವನ ಎಣ್ಣೆ ಕಲಬೆರಕೆ ಅಂತ ಎಣ್ಣೆ ಅಂಗಡಿಯವನು ಹೇಳಿದ ಹಾಗೆ. ಮಿಕ್ಕದ್ದು ಪಿಸುಮಾತು, ಮೇಯರ್ ಕಚೇರಿಯ ಹೇಳಿಕೆ, ಮಳೆಯ ಕತ್ತಲಲ್ಲಿ ಬಟ್ಟೆಯ ಗುರುತು ಹಿಡಿದ ಸಾಕ್ಷಿಗಳು.

ಎಲ್ಲರೂ ಹಾಲಿನಲ್ಲಿ ತೊಳೆದವರು ಅಂತ ನಾನು ಹೇಳುತ್ತಿಲ್ಲ. ಯಾರೋ ಹೊಂಚು ಹಾಕಿದ್ದು ನಿಜ, ಯಾರೋ ಹೆನೆಸಿಯನ್ನು ಕೊಂದದ್ದು ನಿಜ. ನಳಿಕೆ ಕೊಯ್ದು ಗಿಡ್ಡ ಮಾಡಿದ ಬಂದೂಕುಗಳು ಚರಂಡಿಯಲ್ಲಿ ಸಿಕ್ಕಿದ್ದವು, ಅವನ್ನೇನು ಗಾಳಿ ತಂದು ಹಾಕಿರಲಿಲ್ಲ. ಸಿಸಿಲಿಯ ಹಳೇ ಹಗೆಗಳು ಹಡಗೇರಿ ಬಂದದ್ದೂ ಸುಳ್ಳಲ್ಲ. ಆದರೆ ಎಲ್ಲಿ ಹಮಾಲಿ ಮುಗಿದು ಎಲ್ಲಿ ಮಾಫಿಯಾ ಶುರುವಾಯಿತು ಅಂತ ಗೆರೆ ಎಳೆಯಲು ನನ್ನ ಪೆನ್ಸಿಲ್ಲಿಗೆ ಆಗಲಿಲ್ಲ. ನಲವತ್ತು ಜನರನ್ನು ನಡುರಾತ್ರಿಯಲ್ಲಿ ಎಬ್ಬಿಸಿ ತರುವ ಶಕ್ತಿ ಇದೆಯಲ್ಲ, ಅದು ಗುತ್ತಿಗೆಗೂ ಬೇಕು, ಗುಂಡಾಗಿರಿಗೂ ಬೇಕು. (ನಿನ್ನ ಹೆಸರಿಗೂ ಆ ಪದಕ್ಕೂ ನಡುವೆ ಇರುವುದು ಒಂದು ದೀರ್ಘ ಮಾತ್ರ ಅಂತ ನಿನಗೆ ಎಷ್ಟು ಸಲ ಹೇಳಿಲ್ಲ.)

1891ರ ಮಾರ್ಚ್ 13, ಶುಕ್ರವಾರ, ತೀರ್ಪು. ಮಟ್ರಾಂಗಾ ಮತ್ತು ಅದೇ ಒಂಬತ್ತರಲ್ಲಿದ್ದ ಇನ್ಕಾರ್ಡೋನಾ ವಿರುದ್ಧ ಸಾಕ್ಷ್ಯವೇ ಇಲ್ಲ ಅಂತ ನ್ಯಾಯಾಧೀಶರೇ ಹೇಳಿ, ಅವರೂ ಸೇರಿ ಆರು ಜನ ಖುಲಾಸೆ. ಮೊನಾಸ್ಟೀರಿಯೋ, ಸ್ಕಾಫಿಡಿ, ಪೊಲಿಟ್ಸಿ ಮೂವರ ವಿಷಯದಲ್ಲಿ ಜ್ಯೂರಿಗೆ ಒಮ್ಮತವಿಲ್ಲ. ಇನ್ನೊಂದು ಆರೋಪ ಬಾಕಿ ಇದೆ ಅಂತ ಬಿಡುಗಡೆಯಾದವರನ್ನೂ ಮತ್ತೆ ಅದೇ ಜೈಲಿಗೆ ಕಳಿಸಿದರು. ಶನಿವಾರ ಬೆಳಿಗ್ಗೆ ಪತ್ರಿಕೆಯಲ್ಲಿ ಊರಿನ ಗಣ್ಯರ ಸಹಿ ಹಾಕಿದ ಪ್ರಕಟಣೆ. ಕೆನಾಲ್ ರಸ್ತೆಯ ಹೆನ್ರಿ ಕ್ಲೇ ಪ್ರತಿಮೆಯ ಹತ್ತಿರ ಹತ್ತು ಗಂಟೆಗೆ ಸೇರಿ, ಸಜ್ಜಾಗಿ ಬನ್ನಿ ಅಂತ. ವಕೀಲ ಪಾರ್ಕರ್ಸನ್ ಭಾಷಣ ಮಾಡಿದ, ಸಾವಿರಾರು ಜನ ಜೈಲಿನ ಕಡೆ ನಡೆದರು. ಜೈಲು ಅಧಿಕಾರಿ ಕೈದಿಗಳ ಕೋಣೆಯ ಬಾಗಿಲು ತೆಗೆಸಿ, ಎಲ್ಲಿ ಅವಿತುಕೊಳ್ಳುತ್ತೀರೋ ಅವಿತುಕೊಳ್ಳಿ ಅಂದ. ಹನ್ನೊಂದು ಜನರನ್ನು ಕೊಂದರು.

ಈ ಭಾಗವನ್ನು ನಾನು ಸಾಮಾನ್ಯವಾಗಿ ಅರ್ಧ ಗಂಟೆ ಹೇಳುತ್ತೇನೆ, ನೀನೇ ಕೇಳಿದ್ದೀಯ. ಹಿಂಬಾಗಿಲು ಮುರಿದದ್ದು, ಅಂಗಳದಲ್ಲಿ ಗೋಡೆಗೆ ಒತ್ತಿ ನಿಲ್ಲಿಸಿದ್ದು, ಇಬ್ಬರನ್ನು ಹೊರಗೆಳೆದು ನೇತುಹಾಕಿದ್ದು. ಕೈಯಾಡಿಸುತ್ತಾ, ದನಿ ಇಳಿಸುತ್ತಾ. ಕೊನೆಯಲ್ಲಿ ಒಂದು ಸಾಲು ಇರುತ್ತದೆ: "ಹೀಗೆ ಹನ್ನೊಂದು ಮಾಫಿಯಾದವರನ್ನು ಒಂದೇ ಬೆಳಿಗ್ಗೆ ಮುಗಿಸಿದರು." ಎಲ್ಲರೂ ಉಸಿರು ಬಿಡುತ್ತಾರೆ. ಕಾಫಿ ಬರುತ್ತದೆ.

ಆ ಹನ್ನೊಂದರಲ್ಲಿ ಮೂವರು ಹಿಂದಿನ ದಿನವಷ್ಟೇ ನಿರಪರಾಧಿ ಅನ್ನಿಸಿಕೊಂಡವರು. ಮೂವರ ವಿಷಯದಲ್ಲಿ ತೀರ್ಪೇ ಆಗಿರಲಿಲ್ಲ. ಐವರ ವಿಚಾರಣೆ ಶುರುವೇ ಆಗಿರಲಿಲ್ಲ. ಮುಖ್ಯಸ್ಥ ಅಂತ ಎಲ್ಲರೂ ಬೆರಳು ತೋರಿಸಿದ ಚಾರ್ಲ್ಸ್ ಮಟ್ರಾಂಗಾ ಬದುಕಿಕೊಂಡ. ಆ ಹುಡುಗ ಬದುಕಿಕೊಂಡ, ಅವನ ಅಪ್ಪ ಉಳಿಯಲಿಲ್ಲ. ಸತ್ತವರಲ್ಲೊಬ್ಬ ತಗಡಿನ ಕೆಲಸದವನು, ಒಬ್ಬ ಗದ್ದೆ ಕೂಲಿಯವನು, ಇಬ್ಬರು ಹಡಗುಕಟ್ಟೆಯವರು. ಹನ್ನೊಂದರಲ್ಲಿ ಒಬ್ಬನನ್ನೂ ಯಾವ ಜ್ಯೂರಿಯೂ ಹೆನೆಸಿಯ ಕೊಲೆಗಾರ ಅಂದಿರಲಿಲ್ಲ.

ಇದು ನನಗೆ ಗೊತ್ತಿರಲಿಲ್ಲ ಅಂದುಕೊಂಡೆಯಾ? ಮೊದಲ ದಿನದಿಂದ ಗೊತ್ತಿತ್ತು. ತೀರ್ಪಿನ ಸಾಲು ನನ್ನ ಟಿಪ್ಪಣಿಯಲ್ಲಿ ನನ್ನ ಕೈಬರಹದಲ್ಲೇ ಇದೆ, ಕೆಳಗೆ ಗೆರೆ ಬೇರೆ ಎಳೆದಿದ್ದೇನೆ. ಹೇಳುವಾಗ ಬಿಡುತ್ತಿದ್ದೆ. ಆ ಸಾಲು ಹಾಕಿದರೆ ಕಥೆ ಅಲ್ಲಿ ಮುಗ್ಗರಿಸುತ್ತದೆ, ಕೇಳುವವನು 'ಹಾಗಾದರೆ?' ಅಂತ ಮುಖ ನೋಡುತ್ತಾನೆ, ಆ 'ಹಾಗಾದರೆ'ಗೆ ನನ್ನ ಹತ್ತಿರ ಉತ್ತರ ಇಲ್ಲ. ಅದಕ್ಕಿಂತ ಮಾಫಿಯಾ ಅಂದುಬಿಟ್ಟರೆ ಎಷ್ಟು ಸುಲಭ. ಇನ್ನೂ ಒಂದು ಇದೆ, ಇದನ್ನು ಬರೆಯಬೇಕು ಅಂತ ಕೂತಿರಲಿಲ್ಲ. ಅಂಗಳದ ಆ ಭಾಗ ಹೇಳುವಾಗ ನನಗೆ ಭಯವಾಗುತ್ತಿರಲಿಲ್ಲ, ದುಃಖವೂ ಅಲ್ಲ. ಸಮಾಧಾನವಾಗುತ್ತಿತ್ತು ಕಣೋ. ಮುರಿದ ಮಣೆಯ ಕಾಲನ್ನು ಕೂಡಿಸಿದ ಹಾಗೆ, ಒಂದು ಕಡೆ ಸಡಿಲವಾಗಿದ್ದದ್ದು ಬಿಗಿಯಾಯಿತು ಅನ್ನುವ ಸಮಾಧಾನ. ಓಕಾನರ್ ಕೇಳಿಸಿಕೊಂಡ ಆ ಒಂದು ಮಾತು ಆ ಊರಿಗೆ ಸಾಕಾಗಿತ್ತು. ನನಗೂ ಸಾಕಾಗಿತ್ತು, ಅದೂ ನೂರು ವರ್ಷಕ್ಕೂ ಮೇಲಾದ ಮೇಲೆ, ಯಾರ ಭಾಷಣವೂ ಇಲ್ಲದೆ, ಮನೆಯಲ್ಲಿ ಕುರ್ಚಿಯ ಮೇಲೆ ಕೂತು. ಕ್ಲೇ ಪ್ರತಿಮೆಯ ಹತ್ತಿರ ಇದ್ದಿದ್ದರೆ ನಾನೇನು ಹಗ್ಗ ಹಿಡಿಯುತ್ತಿರಲಿಲ್ಲ, ನನ್ನ ಕೈಲಿ ಆಗುವ ಕೆಲಸವಲ್ಲ ಅದು. ನಾನು ಸಂಜೆ ಮನೆಗೆ ಬಂದು ಅದನ್ನು ಚೆನ್ನಾಗಿ ಹೇಳುತ್ತಿದ್ದೆ. ಅಷ್ಟು ಚೆನ್ನಾಗಿ ಹೇಳುವವರು ಒಂದಿಷ್ಟು ಜನ ಇಲ್ಲದಿದ್ದರೆ ಮಾರನೇ ದಿನ ಊರಿಗೆ ನಿದ್ದೆ ಬರುತ್ತಿತ್ತೋ ಇಲ್ಲವೋ.

ಸಾಕು. ವಿಷಯಕ್ಕೆ ಬರುತ್ತೇನೆ.

ಆಮೇಲೇನಾಯಿತು ಅಂದರೆ, ಯಾರ ಮೇಲೆ ಮೊಕದ್ದಮೆ ಹೂಡಬೇಕು ಅಂತ ತೀರ್ಮಾನಿಸುವ ಗ್ರ್ಯಾಂಡ್ ಜ್ಯೂರಿ ಕೂತು ಗುಂಪಿನಲ್ಲಿ ಒಬ್ಬನ ಮೇಲೂ ಆರೋಪ ಹೊರಿಸಲಿಲ್ಲ. ಇಟಲಿ ತನ್ನ ರಾಯಭಾರಿಯನ್ನು ವಾಪಸು ಕರೆಸಿಕೊಂಡಿತು, ಯುದ್ಧವಾಗುತ್ತದೆ ಅಂತ ಪತ್ರಿಕೆಗಳು ಸ್ವಲ್ಪ ದಿನ ಕುಣಿದವು. 1892ರಲ್ಲಿ ಅಮೆರಿಕ ಸುಮಾರು 25,000 ಡಾಲರ್ ಪರಿಹಾರ ಕೊಟ್ಟಿತು. ಮುಂದೆ ಅಧ್ಯಕ್ಷನಾಗಲಿದ್ದ ಥಿಯೋಡರ್ ರೂಸ್‌ವೆಲ್ಟ್ ಆ ದಿನಗಳಲ್ಲಿ ಅಕ್ಕನಿಗೆ ಬರೆದ ಪತ್ರದಲ್ಲಿ ಈ ಕೊಲೆಗಳು ಒಳ್ಳೆಯದೇ ಆಯಿತು ಎಂಬರ್ಥದಲ್ಲಿ ಬರೆದು, ಇಟಲಿಯ ರಾಜತಾಂತ್ರಿಕರಿದ್ದ ಊಟದಲ್ಲೂ ಅದನ್ನೇ ಹೇಳಿದೆ ಅಂತ ಕೊಚ್ಚಿಕೊಂಡಿದ್ದಾನೆ. ನೋಡು, ಖಾಸಗಿ ಪತ್ರ ಬರೆಯುವವರೆಲ್ಲ ಎಚ್ಚರವಾಗಿರಬೇಕು. 2019ರ ಏಪ್ರಿಲ್‌ನಲ್ಲಿ ಆ ಊರಿನ ಮೇಯರ್ ಲಟೋಯಾ ಕ್ಯಾಂಟ್ರೆಲ್ ಅಧಿಕೃತವಾಗಿ ಕ್ಷಮೆ ಕೇಳಿದರು. 128 ವರ್ಷ ಹಿಡಿಯಿತು.

ಹಡಗುಕಟ್ಟೆಗಳ ನಿರ್ವಹಣೆ 1891ರಲ್ಲೇ ಒಂದು ಖಾಸಗಿ ಕಂಪನಿಗೆ ಹತ್ತು ವರ್ಷದ ಗುತ್ತಿಗೆಗೆ ಹೋಯಿತು. ಇಟಲಿಯವರ ಕೈಯಿಂದ ವ್ಯಾಪಾರ ಬಿಡಿಸಲೆಂದೇ ಗಣ್ಯರು ಇಷ್ಟೆಲ್ಲ ಮಾಡಿದರು ಅಂತ ವಾದಿಸುವವರಿದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಅಷ್ಟು ಮುಂದಾಲೋಚನೆ ಇದ್ದವರು ಸಾವಿರಾರು ಜನರ ಎದುರು ಸಹಿ ಹಾಕಿ ಸಿಕ್ಕಿಬೀಳುವುದಿಲ್ಲ. ಆಮೇಲೆ ಯೋಚಿಸಿದರೆ, ಸಹಿ ಹಾಕಿದ ಒಬ್ಬನಿಗೂ ಏನೂ ಆಗಲಿಲ್ಲವಲ್ಲ. ನೀನೇ ಹೇಳು.

ಚಾರ್ಲ್ಸ್ ಮಟ್ರಾಂಗಾ ಅದೇ ಕಟ್ಟೆಯಲ್ಲಿ ಮತ್ತೆ ಹಣ್ಣಿನ ಹಡಗು ಇಳಿಸುವ ಕೆಲಸಕ್ಕೆ ನಿಂತ, ವಯಸ್ಸಾಗಿ ಬಿಡುವವರೆಗೂ. ಸತ್ತದ್ದು 1943ರಲ್ಲಿ. ಅವನು ಮಾಫಿಯಾದ ಯಜಮಾನನೋ ಗಟ್ಟಿ ಮೇಸ್ತ್ರಿಯೋ ಅಂತ ಮುಂದಿನ ಸಲ ಕೇಳಬೇಡ. ಎಂಟಾಣೆ ಬಾಜಿಗೂ ನಾನು ಬರುವುದಿಲ್ಲ.

ಮುಂದಿನ ಭಾನುವಾರ ನಿಮ್ಮ ಮನೆಯಲ್ಲಿ ನಾಲ್ಕು ಜನ ಸೇರಿದಾಗ 'ಆ ಜೈಲಿನ ಕಥೆ ಹೇಳೋ' ಅಂತ ನನ್ನನ್ನು ಎಬ್ಬಿಸುತ್ತೀಯ, ಗೊತ್ತು. ಹೇಳುತ್ತೇನೆ. ಆದರೆ ಈ ಸಲ ಬಾಳೆಗೊನೆಯಿಂದಲೇ ಶುರು, ಜಾತಿ, ಚಿಪ್ಪು, ತೂಕ, ಶಾಖ ಎಲ್ಲ ಸೇರಿಸಿ. ಜೈಲಿನ ಬಾಗಿಲು ಬರುವ ಹೊತ್ತಿಗೆ ಅರ್ಧ ಜನ ನಿದ್ದೆ ಹೋಗಿರುತ್ತಾರೆ, ಉಳಿದರ್ಧ ಊಟಕ್ಕೆ ಎದ್ದಿರುತ್ತಾರೆ. ತೀರ್ಪಿನ ಸಾಲನ್ನು ನಿನ್ನೊಬ್ಬನಿಗೆ ಅಡುಗೆಮನೆಯಲ್ಲಿ ಹೇಳುತ್ತೇನೆ.

ಮತ್ತೆ ಆ ತೋಟದ ಗೊನೆ ಬರುವುದು ಇತ್ತಲ್ಲ, ಒಂಬತ್ತು ಚಿಪ್ಪಿಗೆ ಕಡಿಮೆಯಿದ್ದರೆ ಪೂರ್ತಿ ದುಡ್ಡು ಕೊಡಬೇಡ. ರಾತ್ರಿ ಇಳಿಸಿದರೆ ಟಾರ್ಚು ಹಾಕಿ ಎಣಿಸು. ಚಿಕ್ಕಪ್ಪನದಲ್ಲ, ಬೇರೆ.

ಇಂತಿ ನಿನ್ನ,
ಗ್ಯಾಂಗ್‌ಮನ್